ಮೇಸ್ತ್ರಿ ಮಾವನ ಮಗ್ಗಿ ಪಾಠ

ನನ್ನ ಮಾವ, ಅಂದರೆ ಗಂಡನ ಅಪ್ಪ, ನಲವತ್ತೊಂದು ವರ್ಷ ಮಂಡಿಯೂರಿ ದುಡಿದವರು. ಟೈಲ್ಸ್ ಮೇಸ್ತ್ರಿ. ಮನೆ, ಅಂಗಡಿ, ಎರಡು ಆಸ್ಪತ್ರೆ, ಒಂದು ದೊಡ್ಡ ಬಸ್ ನಿಲ್ದಾಣ, ಇವುಗಳ ನೆಲವೆಲ್ಲ ಅವರ ಅಂಗೈ ಕೆಳಗೆ ಹಾದುಹೋಗಿದೆ. ನಮ್ಮ ಬೀದಿಯಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎಲ್ಲರಿಗೂ ಅವರು 'ರಸಮಟ್ಟ'. ನೆಲ ಸಮವಾಗಿದೆಯೇ ಎಂದು ನೋಡುವುದಕ್ಕೆ ಮೇಸ್ತ್ರಿಗಳು ಇಡುತ್ತಾರಲ್ಲ, ನಡುವೆ ಹಸಿರು ನೀರು, ಅದರಲ್ಲಿ ಒಂದು ಗುಳ್ಳೆ ಇರುವ ಪಟ್ಟಿ, ಅದರ ಹೆಸರು ಅದು. ಮಾವನಿಗೆ ಆ ಪಟ್ಟಿಯೇ ಬೇಕಿರಲಿಲ್ಲವಂತೆ. ಬಗ್ಗಿ ಒಂದು ಕಣ್ಣು ಮುಚ್ಚಿ ನೋಡಿದರೆಂದರೆ ಮುಗಿಯಿತು, ಕೂದಲೆಳೆಯಷ್ಟು ಏರು ಇದ್ದರೂ ಹೇಳಿಬಿಡುತ್ತಿದ್ದರು.

ಅರವತ್ತೆರಡಕ್ಕೆ ಆ ಮಂಡಿಗಳು ಕೈಕೊಟ್ಟವು. ಬಲಮಂಡಿಗೆ ಆಪರೇಷನ್ ಆಗಿ, ಕೋಲು ಹಿಡಿದು ನಮ್ಮ ಮನೆಗೆ ಬಂದರು. ಅದೇ ವರ್ಷ ನನ್ನ ಮಗಳಿಗೂ ಆಪರೇಷನ್ ಆಗಿತ್ತು.

ಮಗಳು ಹುಟ್ಟಿದಾಗ ಒಂದೂವರೆ ಕೇಜಿಯೂ ಇರಲಿಲ್ಲ. "ಸಾಸಿವೆ ಕಾಳಿನಷ್ಟಿದಾಳೆ" ಎಂದು ನರ್ಸಮ್ಮ ಅಂದದ್ದೇ ನಿಂತುಬಿಟ್ಟಿತು, ಮನೆಯಲ್ಲಿ ಅವಳು ಸಾಸಿವೆ. ಆರು ವರ್ಷಕ್ಕೆ ಮೂತ್ರಪಿಂಡದ ತೊಂದರೆ ಕಾಣಿಸಿಕೊಂಡು ಹೊಟ್ಟೆ ಕೊಯ್ಯಬೇಕಾಯಿತು. ಆಮೇಲೆ ಕೊಡುತ್ತಿದ್ದ ಔಷಧಿ ಎಂಥದೆಂದರೆ ಪಕ್ಕದ ಮಗು ಸೀನಿದರೂ ಇವಳಿಗೆ ಜ್ವರ. "ಎರಡು ವರ್ಷ ಶಾಲೆ ಬೇಡ, ಮನೇಲೇ ಕಲಿಸಿ" ಎಂದರು ಡಾಕ್ಟರು. ನಾನು ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಕೆಲಸದಲ್ಲಿದ್ದೆ, ಬಿಟ್ಟೆ. ಗಂಡ ಬಸ್ ಓಡಿಸುವವರು, ಬೆಳಿಗ್ಗೆ ಐದಕ್ಕೆ ಹೋದರೆ ಬರುವುದು ಮಧ್ಯಾಹ್ನ ಮೂರಕ್ಕೆ. ಹೀಗೆ ಮನೆಯಲ್ಲಿ ಇಬ್ಬರು ರೋಗಿಗಳು, ಒಬ್ಬಳು ಮೇಷ್ಟರಮ್ಮ.

ಓದುವುದು, ಬರೆಯುವುದು ಸಲೀಸಾಗಿ ಹೋಯಿತು. ಸಾಸಿವೆ ಕತೆಪುಸ್ತಕ ಸಿಕ್ಕರೆ ಊಟ ಮರೆಯುವಂಥವಳು. ಕಷ್ಟ ಬಂದದ್ದು ಲೆಕ್ಕದ ಹತ್ತಿರ. ಮೂರನೇ ಕ್ಲಾಸಿಗೆ ಸೇರಿಸಿಕೊಳ್ಳುವಾಗ ಶಾಲೆಯವರು ಪರೀಕ್ಷೆ ಮಾಡುತ್ತಾರೆ, ಇಪ್ಪತ್ತರೊಳಗೆ ಕೂಡುವುದು ಕಳೆಯುವುದು, ಹತ್ತರವರೆಗೆ ಮಗ್ಗಿ, ಇಷ್ಟು ನಾಲಿಗೆ ತುದಿಯಲ್ಲಿರಬೇಕು ಎಂದು ಮೊದಲೇ ಹೇಳಿದ್ದರು. ಇಷ್ಟೇ ತಾನೆ ಎಂದುಕೊಂಡೆ. ನಾನು ಓದುವಾಗ ಗಣಿತದಲ್ಲಿ ಯಾವತ್ತೂ ಮುಂದೆಯೇ. ರಟ್ಟು ಕತ್ತರಿಸಿ ನೂರು ಕಾರ್ಡು ಮಾಡಿದೆ. ಒಂದು ಬದಿಗೆ ಪ್ರಶ್ನೆ, ಇನ್ನೊಂದು ಬದಿಗೆ ಉತ್ತರ. ಅಡುಗೆಮನೆ ಮೇಜಿನ ಈಚೆ ನಾನು, ಆಚೆ ಅವಳು. ಕಾರ್ಡು ಎತ್ತುವುದು, ಮನಸ್ಸಿನಲ್ಲೇ ಒಂದು ಎರಡು ಮೂರು ಎಣಿಸುವುದು, ಅವಳು ಹೇಳದಿದ್ದರೆ ನಾನೇ ಹೇಳಿ, ಹತ್ತು ಸಲ ಹೇಳಿಸುವುದು.

ಎರಡು ತಿಂಗಳು ಹೀಗೆ ತಿಕ್ಕಿದರೂ ಒಂದು ಅಕ್ಷರ ಹತ್ತಲಿಲ್ಲ. ಎಂಟು ಐದು ಎಷ್ಟು ಎಂದರೆ ಅವಳು ಕೈಗಳನ್ನು ಮೇಜಿನ ಕೆಳಗೆ ಇಳಿಸುತ್ತಿದ್ದಳು. ಬೆರಳು ಎಣಿಸುತ್ತಿದ್ದಾಳೆ ಎಂದು ನನಗೆ ಗೊತ್ತು, ನನಗೆ ಗೊತ್ತೆಂದು ಅವಳಿಗೂ ಗೊತ್ತು. ಅದೂ ಎಂಟರಿಂದ ಮುಂದಕ್ಕಲ್ಲ, ಪ್ರತಿಸಲ ಒಂದರಿಂದ ಶುರು. ನಡುವೆ ಎಲ್ಲೋ ತಪ್ಪುತ್ತಿತ್ತು, ಮತ್ತೆ ಒಂದರಿಂದ.

ಒಂದು ಮಂಗಳವಾರ ಬೆಳಿಗ್ಗೆ ನನ್ನ ತಾಳ್ಮೆಯ ಕಟ್ಟೆ ಒಡೆಯಿತು. ಹಿಂದಿನ ದಿನ ಹನ್ನೊಂದು ಸಲ ಹೇಳಿಸಿದ್ದ ಲೆಕ್ಕಕ್ಕೆ ಅವಳು "ಹನ್ನೆರಡು?" ಎಂದಳು. ನಾನು ಕಾರ್ಡನ್ನು ಎರಡು ತುಂಡು ಮಾಡಿ ಮೇಜಿನ ಮೇಲೆ ಎಸೆದೆ. "ನಿನ್ನೆ ತಾನೆ ಹೇಳಿಕೊಟ್ಟಿದ್ದು! ತಲೇಲಿ ಏನಿದೆ ನಿಂಗೆ?"

ಅವಳು ಅಳಲಿಲ್ಲ. ಆ ತುಂಡುಗಳನ್ನೇ ನೋಡುತ್ತ ಮೆಲ್ಲಗೆ ಕೇಳಿದಳು, "ಅಮ್ಮ, ಆಪರೇಷನ್ ಮಾಡ್ದಾಗ ಡಾಕ್ಟರು ನನ್ ಲೆಕ್ಕಾನೂ ತೆಗೆದ್ಬಿಟ್ರಾ?"

ಅವಳನ್ನು ಎಳೆದು ಅಪ್ಪಿಕೊಂಡೆ. ಬಾಗಿಲ ಕಡೆ ನೋಡಿದರೆ ಮಾವ ಕೋಲೂರಿ ನಿಂತಿದ್ದಾರೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಹಾಗೇ ಒಳಗೆ ಹೋದರು.

ಅವತ್ತು ಮಧ್ಯಾಹ್ನ ನನ್ನ ಗಂಡ ಬಂದೊಡನೆ ಮಾವ ಮೆಟ್ಟಿಲ ಕೆಳಗಿದ್ದ ತಮ್ಮ ಪೆಟ್ಟಿಗೆಗಳನ್ನು ಹೊರಗೆ ತೆಗೆಸಿದರು. ಒಂದರಲ್ಲಿ ಯಾವುದೋ ಬಚ್ಚಲಮನೆಗೆ ಹಾಕಿ ಮಿಕ್ಕಿದ್ದ ಪುಟ್ಟ ಪುಟ್ಟ ಟೈಲ್ಸು, ಒಂದೊಂದೂ ಬಿಸ್ಕತ್ತಿನ ಅರ್ಧದಷ್ಟು, ನೀಲಿ ಮತ್ತು ಬಿಳಿ. ಸಂಜೆಯವರೆಗೆ ಬಾಲ್ಕನಿಯಲ್ಲಿ ಕುರ್ಚಿ ಹಾಕಿ ಕೂತು ಒಂದೊಂದರ ಅಂಚನ್ನೂ ಕಲ್ಲಿಗೆ ಉಜ್ಜಿದರು, ಮಗುವಿನ ಬೆರಳಿಗೆ ತಾಗಬಾರದಲ್ಲ. ಆಮೇಲೆ ನನ್ನ ಕೈಗೆ ಕೊಟ್ಟು, "ಇದನ್ನ ಚೆನ್ನಾಗಿ ಕುದಿಸಿ ಕೊಡಮ್ಮ, ಸಾಸಿವೆಗೆ ಸೋಂಕು ಗೀಂಕು ತಗಲಬಾರದು" ಎಂದರು. ಅನ್ನ ಬೇಯಿಸುವ ಪಾತ್ರೆಯಲ್ಲಿ ಟೈಲ್ಸ್ ಬೇಯಿಸಿದೆ. ಜೀವಮಾನದಲ್ಲಿ ಅದೊಂದು ಅಡುಗೆ ಬಾಕಿಯಿತ್ತು. ಅಷ್ಟರಲ್ಲಿ ಅವರು ಪ್ಲೈವುಡ್ ಚೂರಿಗೆ ಪಟ್ಟಿ ಹೊಡೆದು ಒಂದು ತಟ್ಟೆ ಮಾಡಿದ್ದರು. ಮೇಲೆ ಐದು ಮನೆ, ಕೆಳಗೆ ಐದು ಮನೆ.

ಮರುದಿನ ಬೆಳಿಗ್ಗೆ ತಾತ ಮೊಮ್ಮಗಳು ಬಾಲ್ಕನಿಯಲ್ಲಿ ಕೂತರು. ನಾನು ಅಡುಗೆಮನೆಯ ಕಿಟಕಿಯಿಂದ ಕಿವಿಗೊಟ್ಟು ಕೇಳುತ್ತಿದ್ದೆ.

"ಸಾಸಿವೆ, ಈ ಬಚ್ಚಲಮನೆಗೆ ಹತ್ತು ಟೈಲ್ಸ್ ಹಿಡಿಯುತ್ತೆ. ನಾನು ಇಷ್ಟು ಹಾಕಿದೀನಿ. ಏನು ಕಾಣುತ್ತೆ?"

"ಎಂಟು."

"ಅದು ನಂಗೂ ಗೊತ್ತು. ಏನು ಇಲ್ಲ, ಅದು ಹೇಳು."

"ಎರಡು ಇಲ್ಲ."

"ಶಭಾಶ್! ಟೈಲ್ಸ್ ಹಾಕೋನು ಹಾಕಿದ್ದನ್ನ ಎಣಿಸಿಕೊಂಡು ಕೂರಲ್ಲ ಮರಿ, ಖಾಲಿ ಜಾಗ ನೋಡ್ತಾನೆ. ಈಗ ನಿನ್ನ ಕೈಲಿ ಐದಿದೆ. ಮೊದಲು ಬಚ್ಚಲು ಮುಗಿಸು."

ಟಕ್, ಟಕ್ ಎಂದು ಎರಡು ಸದ್ದು ಬಂತು. "ಮುಗೀತು ತಾತ. ಮೂರು ಮಿಕ್ತು."

ಒಟ್ಟು ಎಷ್ಟು ಎಂದು ಕೇಳಿ ಮಾವ, ಕೇಳಿ, ಎಂದು ನಾನು ಒಳಗೆ ತುಟಿ ಕಚ್ಚಿಕೊಂಡು ನಿಂತಿದ್ದೆ. ಅವರು ಕೇಳಲೇ ಇಲ್ಲ. ಇನ್ನೊಂದೆರಡು ಸಲ ಅದನ್ನೇ ಮಾಡಿಸಿ ಪೆಟ್ಟಿಗೆ ಮುಚ್ಚಿಬಿಟ್ಟರು. "ತಾತ, ಇನ್ನೂ ಒಂದ್ಸಲ" ಎಂದು ಅವಳು ಗೋಗರೆದರೆ, "ಇನ್ನೂ ಬೇಕು ಅನ್ನೋವಾಗಲೇ ಕೈ ತೊಳ್ಕೋಬೇಕು. ನಾಳೆ" ಎಂದರು.

ನಾಲ್ಕು ದಿನ ಇದೇ ನಡೆಯಿತು. ದಿನಕ್ಕೆ ಹತ್ತು ನಿಮಿಷ, ಅಷ್ಟೇ. ನಾನು ತಡೆಯಲಾರದೆ ಕೇಳಿದೆ, "ಮಾವ, ಆಟ ಆಯ್ತು, ಪಾಠ ಯಾವಾಗ?"

"ಟೈಲ್ಸ್ ಕೂರಿಸಿದ ದಿನಾನೇ ಅದರ ಮೇಲೆ ಓಡಾಡಬಾರದಮ್ಮ" ಎಂದರು. "ಹಿಡ್ಕೊಳ್ಳೋಕೆ ಬಿಡಬೇಕು."

ಐದನೆಯ ದಿನ ಬಾಲ್ಕನಿಯಿಂದ ಕಿರುಚಾಟ ಕೇಳಿ ಏನಾಯಿತೋ ಎಂದು ಓಡಿದೆ. ಸಾಸಿವೆ ಎದ್ದು ನಿಂತು ಕುಣಿಯುತ್ತಿದ್ದಳು. "ತಾತ! ಹದಿಮೂರು! ಎಂಟೂ ಐದೂ ಹದಿಮೂರು! ನಿನ್ನೆನೂ ಹದಿಮೂರೇ ಇತ್ತು, ಇವತ್ತೂ ಹದಿಮೂರೇ! ನಾಳೇನೂ ಇರುತ್ತಾ?"

"ಇರುತ್ತೆ ಮರಿ. ಗಟ್ಟಿಯಾಗಿ ಕೂರಿಸಿದ್ದು ಎಲ್ಲಿ ಹೋಗುತ್ತೆ?"

ನನಗೆ ಆವತ್ತು ತಿಳಿಯಿತು. ಎಂಟು ಐದು ಎಂದಿಗೂ ಹದಿಮೂರೇ ಎನ್ನುವುದು ಅವಳಿಗೆ ಗೊತ್ತೇ ಇರಲಿಲ್ಲ. ಅವಳ ಪಾಲಿಗೆ ಪ್ರತಿದಿನವೂ ಅದೊಂದು ಹೊಸ ಪ್ರಶ್ನೆ. ನಾನು ಎರಡು ತಿಂಗಳು ಉತ್ತರ ಹೇಳಿಕೊಟ್ಟೆನೇ ಹೊರತು, ಅದು ಯಾಕೆ ಅಲ್ಲಾಡುವುದಿಲ್ಲ ಎಂದು ತೋರಿಸಿರಲಿಲ್ಲ. ನನ್ನ ಕಾರ್ಡುಗಳನ್ನು ಕಟ್ಟಿ ಕಪಾಟಿನ ಮೇಲೆ ಇಟ್ಟೆ. ಮಾವ ಅದನ್ನು ನೋಡಿ, "ಎಸೀಬೇಡಮ್ಮ, ಬೇಕಾಗುತ್ತೆ. ನೆಲ ಕೂತ ಮೇಲೆ ಪಾಲಿಶ್ ಮಾಡ್ಲೇಬೇಕಲ್ಲ" ಎಂದರು. ನನ್ನ ಮುಖ ಉಳಿಸಿದರು ಅಂತಲೇ ಹೇಳಬೇಕು.

ಮೂರು ತಿಂಗಳಲ್ಲಿ ಕೂಡುವುದು ಮುಗಿಯಿತು, ಕಳೆಯುವುದಂತೂ ಅದರ ಬಾಲ ಹಿಡಿದೇ ಬಂತು. ಅವಳ ಕೈಗಳು ಮೇಜಿನ ಮೇಲೆ ಬಂದವು. ಮೊದಮೊದಲು ಖಾಲಿ ಗಾಳಿಯನ್ನೇ ನೋಡುತ್ತ, ಅಲ್ಲೇ ತಟ್ಟೆಯಿದೆ ಎಂಬಂತೆ ಕಣ್ಣು ಆಡಿಸುತ್ತಿದ್ದಳು. ಆಮೇಲೆ ಅದೂ ನಿಂತಿತು, ಕೇಳಿದ್ದಕ್ಕೆ ತಟಕ್ಕನೆ ಉತ್ತರ.

ಮಗ್ಗಿಗೆ ದೊಡ್ಡ ತಟ್ಟೆ ಬಂತು. ಮೂರು ಸಾಲು, ಸಾಲಿಗೆ ಐದು ಟೈಲ್ಸ್. ಎಷ್ಟು? ಹದಿನೈದು. ಮಾವ ತಟ್ಟೆಯನ್ನು ಅಡ್ಡ ತಿರುಗಿಸಿದರು. ಈಗ ಐದು ಸಾಲು, ಸಾಲಿಗೆ ಮೂರು. "ಈಗ ಎಷ್ಟು?" ಸಾಸಿವೆ ಅನುಮಾನದಿಂದ ಎಣಿಸಿ ನೋಡಿದಳು. ಹದಿನೈದೇ. ಇನ್ನೊಂದು ಲೆಕ್ಕಕ್ಕೂ ತಿರುಗಿಸಿ ನೋಡಿದಳು. ಅಲ್ಲೂ ಹಾಗೇ. "ಅಂದ್ರೆ ಅರ್ಧ ಮಗ್ಗಿ ಪುಕ್ಕಟೆ!" ಎಂದು ಒಳಗೆ ಓಡಿ ಬಂದು ನನಗೆ ಸುದ್ದಿ ಮುಟ್ಟಿಸಿದಳು.

ನಾನು ಹುರುಪಿನಿಂದ ನನ್ನ ಪಾಲನ್ನೂ ಸೇರಿಸಿದೆ. ದಿನಾ ಬೆಳಿಗ್ಗೆ ಸ್ವಲ್ಪ ಬಾಯಿಪಾಠ. ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು. ತಾತನೂ ದನಿಗೂಡಿಸುತ್ತಿದ್ದರು. ಎರಡು, ಮೂರು, ನಾಲ್ಕು, ಐದರ ಮಗ್ಗಿ ಮುಗಿದು ಆರಕ್ಕೆ ಬಂದಾಗ ಅವರ ದನಿ ಸಣ್ಣಗಾಯಿತು. ಏಳರ ಮಗ್ಗಿ ಶುರು ಮಾಡಿದ ದಿನ "ಮಂಡಿ ಹಿಡ್ಕೊಂಡಿದೆ" ಎಂದು ಎದ್ದು ಹೋದರು. ಮರುದಿನವೂ ಅದೇ. ಮೂರನೆಯ ದಿನ ಆ ಹೊತ್ತಿಗೆ ಸರಿಯಾಗಿ ಔಷಧಿ ತರಲು ಹೊರಟರು. ಔಷಧಿ ಮನೆಯಲ್ಲೇ ಇತ್ತು.

ಸಾಸಿವೆ ಮಲಗಿದ್ದಾಗ ಚಹಾ ಕೊಟ್ಟು ಕೇಳಿದೆ, "ಏನಾಯ್ತು ಮಾವ? ನಾನೇನಾದ್ರೂ ತಪ್ಪು ಮಾಡಿದ್ನಾ?"

ಅವರು ಲೋಟವನ್ನು ಪಕ್ಕಕ್ಕಿಟ್ಟರು. "ನಿನ್ನ ತಪ್ಪಲ್ಲಮ್ಮ. ನಂಗೆ ಏಳರ ಮಗ್ಗಿ ಬರಲ್ಲ."

ಊರಿನ ಗುತ್ತಿಗೆದಾರರೆಲ್ಲ ಯಾವ ಕೋಣೆಗೆ ಎಷ್ಟು ಟೈಲ್ಸ್ ಬೇಕೆಂದು ಇವರನ್ನೇ ಕೇಳುತ್ತಿದ್ದರು. ಇವರು ಬಾಗಿಲಲ್ಲಿ ನಿಂತೇ ಹೇಳುತ್ತಿದ್ದರಂತೆ, ಒಂದು ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ.

"ಮೂರನೇ ಕ್ಲಾಸಲ್ಲಿ ಬೆಂಚಿನ ಮೇಲೆ ನಿಲ್ಲಿಸಿ ಹೇಳಿಸ್ತಿದ್ರು" ಎಂದರು. "ಏಳೈದ್ಲ ಮೂವತ್ತೈದರ ತನಕ ಬರ್ತಿತ್ತು. ಆಮೇಲೆ ನಾಲಿಗೆ ಕಟ್ಟಿಬಿಡ್ತಿತ್ತು. ಕ್ಲಾಸೆಲ್ಲ ನಗೋದು. ಒಂದು ವಾರ ದಿನಾ ನಿಲ್ಲಿಸಿದ್ರು. ಆಮೇಲೆ ಒಂದಿನ ಮನೆಯಿಂದ ಹೊರಟೋನು ಶಾಲೆಗೆ ಹೋಗ್ಲೇ ಇಲ್ಲ, ಅಪ್ಪ ಗಾರೆ ಕೆಲಸ ಮಾಡ್ತಿದ್ದ ಕಡೆಗೆ ಹೋದೆ. ಅಷ್ಟೇ ನನ್ನ ಓದು."

"ಮತ್ತೆ ಕೆಲಸದಲ್ಲಿ ಹೇಗೆ..."

"ಏಳು ಅಂದ್ರೆ ಐದೂ ಎರಡೂ ತಾನೆ? ಏಳು ಸಾಲು ಎಂಟೆಂಟು ಬಂದ್ರೆ, ಐದು ಸಾಲಿಗೆ ನಲವತ್ತು, ಇನ್ನೆರಡು ಸಾಲಿಗೆ ಹದಿನಾರು. ಐವತ್ತಾರು. ಒಳಗೊಳಗೇ ಮಾಡ್ಕೊಳ್ತಿದ್ದೆ. ನಿನ್ನ ಗಂಡನಿಗೂ ಗೊತ್ತಿಲ್ಲ ಇದು. ಕಳ್ಳದಾರಿ ಅಲ್ವಾ, ಹೇಳೋಕೆ ನಾಚಿಕೆ."

"ಮಾವ, ಅದು ಕಳ್ಳದಾರಿ ಅಲ್ಲ" ಎಂದೆ. "ಅದೇ ಸರಿಯಾದ ದಾರಿ. ಸಾಸಿವೆಗೆ ಬೇಕಾಗಿದ್ದೂ ಅದೇ. ನಾನು ಅಷ್ಟು ಓದಿದ್ರೂ ನಂಗದು ಹೊಳೀಲಿಲ್ಲ ನೋಡಿ."

"ನಂಗೂ ಅದು ಹೇಳ್ಕೊಡು ತಾತ!"

ತಿರುಗಿ ನೋಡಿದರೆ ಸಾಸಿವೆ. ಎಲ್ಲ ಕೇಳಿಸಿಕೊಂಡಿದ್ದಾಳೆ. ತಾತನ ಒಳ್ಳೆಯ ಮಂಡಿಗೆ ಒರಗಿ ನಿಂತು, "ನಂಗೂ ಏಳು ಬರಲ್ಲ. ನಿಂಗೂ ಬರಲ್ಲ. ಇಬ್ರೂ ಒಟ್ಟಿಗೆ ಕಲಿಯೋಣ. ಬೆಂಚು ಗಿಂಚು ಬೇಡ" ಎಂದಳು.

ಮಾವ ಅವಳ ತಲೆ ಸವರಿ ಚಹಾ ಪೂರ್ತಿ ಕುಡಿದರು. ಆ ಕಡೆ ಮುಖ ತಿರುಗಿಸಿಕೊಂಡೇ ಕುಡಿದರು.

ಆವತ್ತೇ ಮೂವರೂ ಕೂತು ನೂರು ಮನೆಯ ಮಗ್ಗಿ ಕೋಷ್ಟಕ ಬರೆದು, ಬರುವುದನ್ನೆಲ್ಲ ಹೊಡೆದುಹಾಕುತ್ತ ಹೋದೆವು. ಒಂದು, ಎರಡು, ಐದು, ಹತ್ತು, ಇವೆಲ್ಲ ಬಂದೇ ಬರುತ್ತವೆ. ಒಂಬತ್ತಕ್ಕೆ ಹತ್ತರದ್ದು ಹೇಳಿ ಒಂದು ಸಾಲು ಕಿತ್ತರಾಯಿತು. ನಾಲ್ಕೆಂದರೆ ಎರಡರದ್ದನ್ನು ಇಮ್ಮಡಿ ಮಾಡಿದರಾಯಿತು, ಮೂರೆಂದರೆ ಎರಡರದ್ದಕ್ಕೆ ಇನ್ನೊಂದು ಸಾಲು. ತಿರುಗಿಸಿದರೆ ಅದೇ ಆಗುವವೂ ಹೋದವು. ಕೊನೆಗೆ ಉಳಿದದ್ದು ಎಷ್ಟು ಗೊತ್ತೇ? ಆರೇ ಆರು. ಆರಾರ್ಲ, ಆರೇಳ್ಲ, ಆರೆಂಟ್ಲ, ಏಳೇಳ್ಲ, ಏಳೆಂಟ್ಲ, ಎಂಟೆಂಟ್ಲ.

"ಇಷ್ಟೇನಾ?" ಎಂದರು ಮಾವ. ಐವತ್ತು ವರ್ಷ ಹೆದರಿಸಿದ್ದವರ ಮೈಯಳತೆ ನೋಡುವವರಂತೆ ಆ ಕಾಗದವನ್ನು ದೂರ ಹಿಡಿದು ನೋಡಿದರು. "ಈ ಆರು ಜನ ಪುಂಡರಿಗೆ ಹೆದರಿ ನಾನು ಶಾಲೆ ಬಿಟ್ಟೆನಾ?"

ಈಗ ನನ್ನ ಕಾರ್ಡುಗಳಿಗೆ ಕಾಲ ಬಂತು. ವಾರಕ್ಕೊಬ್ಬ ಪುಂಡನನ್ನು ಅಡುಗೆಮನೆ ಬಾಗಿಲಿಗೆ ಅಂಟಿಸಿದೆ. ಒಳಗೆ ಬರಬೇಕಾದರೆ ಅವನ ಉತ್ತರ ಹೇಳಬೇಕು, ತಾತನಿಗೂ ರಿಯಾಯಿತಿ ಇಲ್ಲ. ಸಾಸಿವೆಯೇ ಪಹರೆ. "ಏಳೆಂಟ್ಲ ಎಷ್ಟು? ಹೇಳಿದ್ರೆ ಚಹಾ!" ಮೊದಮೊದಲು ಮಾವ ಚೌಕಟ್ಟು ಹಿಡಿದು "ನಲವತ್ತು... ಹದಿನಾರು..." ಎಂದು ಗೊಣಗುತ್ತ ನಿಲ್ಲುತ್ತಿದ್ದರು, ಚಹಾ ಆರುತ್ತಿತ್ತು. ವಾರ ಕಳೆಯುವಷ್ಟರಲ್ಲಿ ನಡೆಯುತ್ತಲೇ "ಐವತ್ತಾರು" ಎಂದು ಒಳಗೆ ಬಂದುಬಿಟ್ಟರು. ಬಂದವರು ಸ್ಟವ್ ಹತ್ತಿರ ನಿಂತು, "ಏನಂದೆ ಈಗ ನಾನು?" ಎಂದು ನನ್ನನ್ನೇ ಕೇಳಿದರು. ಗಂಡ ಮಾತ್ರ ಎರಡು ದಿನ ಆರೆಂಟ್ಲ ತಪ್ಪಿ, ಬಾಗಿಲಾಚೆಯೇ ಊಟ ಮಾಡಿದರು.

ಡಾಕ್ಟರು ಒಪ್ಪಿಗೆ ಕೊಟ್ಟ ತಿಂಗಳೇ ಶಾಲೆಗೆ ಹೋದೆವು. ಮುಖ್ಯೋಪಾಧ್ಯಾಯಿನಿ ಕನ್ನಡಕದ ಮೇಲಿಂದ ನೋಡುವಂಥವರು. ನಲವತ್ತು ಲೆಕ್ಕದ ಹಾಳೆ, ಐದು ನಿಮಿಷ. ಸಾಸಿವೆ ಮಾಸ್ಕ್ ಹಾಕಿಕೊಂಡು ಮೂಲೆಯ ಮೇಜಿಗೆ ಕೂತಳು. ಮಾವ ಹೊರಗೆ ಬೆಂಚಿನ ಮೇಲೆ.

"ಟೈಮ್ ಆಯ್ತು" ಎಂದು ಮೇಡಂ ಹಾಳೆ ತೆಗೆದುಕೊಂಡರು. ಐದು ಲೆಕ್ಕ ಖಾಲಿ. ನನ್ನ ಮುಖ ಸಣ್ಣದಾಯಿತು. ಅವರು ಕೆಂಪು ಪೆನ್ನು ಹಿಡಿದು ಸಾಲು ಸಾಲಾಗಿ ಇಳಿದರು, ಪೆನ್ನು ಎಲ್ಲೂ ನಿಲ್ಲಲಿಲ್ಲ. ಮೂವತ್ತೈದಕ್ಕೆ ಮೂವತ್ತೈದೂ ಸರಿ.

"ಕೊನೇ ಐದಕ್ಕೆ ಏನಾದ್ರೂ ಬರೀಬಹುದಿತ್ತಲ್ಲ ಪುಟ್ಟ?"

"ನೋಡೋಕೆ ಟೈಮ್ ಸಾಕಾಗ್ಲಿಲ್ಲ ಮಿಸ್. ಸುಮ್ನೆ ಅಂದಾಜಿಗೆ ಬರೆಯೋದಾ?" ಎಂದಳು ಸಾಸಿವೆ, ಅವರೇ ಏನೋ ತಪ್ಪು ಹೇಳಿದರೆಂಬಂತೆ.

ಅವರು ಕನ್ನಡಕ ತೆಗೆದಿಟ್ಟರು. "ಹದಿಮೂರರಲ್ಲಿ ಎಂಟು ಹೋದ್ರೆ ಐದು ಅಂತ ಬರೆದಿದೀಯ. ಹೇಗೆ ಗೊತ್ತಾಯ್ತು?"

"ಹದಿಮೂರು ಅಂದ್ರೆ ಹತ್ತು ತುಂಬಿದ ತಟ್ಟೆ, ಆಚೆ ಮೂರು. ತಟ್ಟೆಯಿಂದ ಎಂಟು ಕಿತ್ರೆ ಎರಡು ಉಳಿಯುತ್ತೆ. ಎರಡೂ ಮೂರೂ ಐದು. ಈಗ ಹಂಗೆಲ್ಲ ಯೋಚ್ನೆ ಮಾಡಲ್ಲ, ಗೊತ್ತು ಅಷ್ಟೇ. ನೀವು ಕೇಳಿದ್ರಿ ಅಂತ ಹೇಳ್ದೆ."

ಅವರು ನನ್ನ ಕಡೆ ತಿರುಗಿ, "ಸೇರಿಸ್ಕೊಳ್ತೀವಿ. ಚೆನ್ನಾಗಿ ಕಲಿಸಿದೀರ" ಎಂದರು.

"ನಾನಲ್ಲ ಮೇಡಂ" ಎಂದೆ. ಅಷ್ಟು ಸಂತೋಷದಿಂದ ಹಿಂದೆಂದೂ ಆ ಮಾತು ಹೇಳಿರಲಿಲ್ಲ. "ನಮ್ಮ ಮಾವ. ಹೊರಗೆ ಕೂತಿದಾರೆ."

ಅವರು ಎದ್ದು ತಾವೇ ಬಾಗಿಲಿಗೆ ಹೋದರು. ಮಾವ ಕೋಲು ಹುಡುಕಿ ಎದ್ದು ನಿಂತರು. ಎರಡನೇ ಕ್ಲಾಸಿನಲ್ಲಿ ಇನ್ನೂ ಬೆರಳು ಎಣಿಸುವ ಮಕ್ಕಳು ಹನ್ನೆರಡು ಮಂದಿ ಇದ್ದಾರೆ, ಶನಿವಾರ ಬೆಳಿಗ್ಗೆ ಒಂದು ಗಂಟೆ ಬಂದು ಕೂರುತ್ತೀರಾ ಎಂದು ಮೇಡಂ ಕೇಳಿದರು. ಮಾವ ತಬ್ಬಿಬ್ಬಾದರು. "ನಾನು ಮೂರನೇ ಕ್ಲಾಸೂ ಮುಗಿಸಿಲ್ಲಮ್ಮ."

"ಅವರಿನ್ನೂ ಎರಡನೇದು. ನೀವು ಒಂದು ಕ್ಲಾಸು ಮುಂದಿದೀರಲ್ಲ" ಎಂದರು ಅವರು.

ಒಪ್ಪಿಕೊಳ್ಳಲು ಮಾವ ಮೂರು ವಾರ ತೆಗೆದುಕೊಂಡರು. ಆ ಮೂರು ವಾರವೂ ಸುಮ್ಮನೆ ಕೂರಲಿಲ್ಲ, ಹನ್ನೆರಡು ತಟ್ಟೆ ಮಾಡಿದರು, ನೂರಾರು ಟೈಲ್ಸ್ ಉಜ್ಜಿದರು. ನನ್ನ ಗಂಡ ಬಸ್ ಇಳಿದು ಬಂದವರೇ ಪಕ್ಕದಲ್ಲಿ ಕೂತು ಉಜ್ಜುತ್ತಿದ್ದರು. ಅಪ್ಪನಿಗೆ ಏಳರ ಮಗ್ಗಿ ಬರುತ್ತಿರಲಿಲ್ಲ ಎಂದು ಅಪ್ಪನ ಬಾಯಿಂದಲೇ ಅವರಿಗೆ ಗೊತ್ತಾದದ್ದು ಆ ದಿನಗಳಲ್ಲಿ. "ನಂಗೆ ಈಗಲೂ ಸರಿಯಾಗಿ ಬರಲ್ಲ ಅಪ್ಪ" ಎಂದರಂತೆ. ಇಬ್ಬರೂ ನಕ್ಕ ಸದ್ದು ಒಳಗೆ ಕೇಳಿಸಿತು.

ಮೊದಲನೆಯ ಶನಿವಾರ ನಾನೇ ಜೊತೆಗೆ ಹೋದೆ. ಒಳಗೆ ಬಿಡುವ ಮೊದಲು ಕಚೇರಿಯ ಗುಮಾಸ್ತ ಪುಸ್ತಕ ತೆರೆದು ಹೆಸರು, ವಿಳಾಸ ಕೇಳಿ ಬರೆದುಕೊಂಡ. "ಏನು ಕೆಲಸ ಮಾಡ್ತೀರ?" ಎಂದ. ಮಾವ "ಮೇಸ್ತ್ರಿ" ಎಂದರು. ಅವನು ಏನು ಕೇಳಿಸಿಕೊಂಡನೋ, 'ಮೇಷ್ಟ್ರು' ಎಂದು ಬರೆದ. ಮಾವ ಬಗ್ಗಿ ನೋಡಿ, "ಅಲ್ಲಪ್ಪ, ತಪ್ಪಾಯ್ತು, ಅದು..." ಎಂದು ಬೆರಳು ಚಾಚುವಷ್ಟರಲ್ಲಿ ಹಿಂದಿನಿಂದ ಮುಖ್ಯೋಪಾಧ್ಯಾಯಿನಿ, "ಏನೂ ತಪ್ಪಿಲ್ಲ, ಹಾಗೇ ಇರಲಿ. ಬನ್ನಿ, ಮಕ್ಕಳು ಕಾಯ್ತಿದಾರೆ" ಎಂದರು.

ಮಾವ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಅವರ ಹಿಂದೆ ನಡೆದರು. ಕೋಲು ಗುಮಾಸ್ತನ ಮೇಜಿಗೆ ಒರಗಿಯೇ ಇತ್ತು. ಅದನ್ನು ನಾನು ಎತ್ತಿಕೊಂಡು ಓಡಬೇಕಾಯಿತು.